ಮಂಗಳ ಹಾಡದ ತಾಲೀಮು

ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯೊಂದರ ಮೂರನೇ ಮಹಡಿ. ಡಾಕ್ಟರ್ ರಜಿಯಾ ಮಕಾನದಾರ ಕನ್ನಡಕ ತೆಗೆದು, ಒರೆಸಿ, ಮತ್ತೆ ಮೂಗಿಗೇರಿಸಿಕೊಂಡು, “ನೋಡವಾ ದಾಕ್ಷಾಯಣಿ, ನಾವು ಏನರ ಮಾಡೂಕಿಂತ ಮೊದ್ಲ ಒಂದು ತಾಲೀಮು ಮಾಡ್ತೀವಿ” ಅಂದರು. ಐದು ತಿಂಗಳ ಬಸುರಿ ದಾಕ್ಷಾಯಣಿ ಕಿಸಕ್ಕನೆ ನಕ್ಕುಬಿಟ್ಟಳು. ಅದು ನಗುವ ಹೊತ್ತಾಗಿರಲಿಲ್ಲ. ಪಕ್ಕದಲ್ಲಿದ್ದ ಗಂಡ ಮೈಲಾರಿ ಮೆಲ್ಲಗೆ ಅವಳ ಕಾಲು ತುಳಿದ.

“ತುಳೀಬ್ಯಾಡ್ರೀ, ಮೊದ್ಲ ಬಾತಾವ. ಡಾಕ್ಟ್ರ, ತಾಲೀಮು ಅಂದ್ರ ನಮ್ಮಂಥಾ ತಾಲೀಮೇನ್ರಿ? ಪೇಟಿ, ತಬಲಾ ಎಲ್ಲಾ ಇರ್ತಾವ?”

ನಗುವುದಕ್ಕೆ ಅವಳಿಗೆ ಕಾರಣವಿತ್ತು. ಗದಗಿನಲ್ಲಿ ಆ ವರ್ಷ ತಗಡಿನ ಥೇಟರು ಹಾಕಿದ್ದ ‘ಶ್ರೀ ಗುಡ್ಡದ ಮಲ್ಲಯ್ಯ ನಾಟ್ಯ ಸಂಘ’ದ ಹಾಸ್ಯನಟಿ ಅವಳು. ಜನರೆಲ್ಲ ಕನ್ನಡಕದ ಗಾಜಿನೊಳಗೇ ಒಬ್ಬೊಬ್ಬರೇ ಸಿನಿಮಾ ನೋಡುವ ಕಾಲ ಬಂದಿತ್ತು. ಆದರೆ ಪಕ್ಕದವನ ತೊಡೆ ಬಡಿದು ನಗುವ ಚಟ ಮಾತ್ರ ಯಾರಿಗೂ ಹೋಗಿರಲಿಲ್ಲ. ಅದರಿಂದಾಗಿ ಕಂಪನಿ ಇನ್ನೂ ಬದುಕಿತ್ತು. ದಾಕ್ಷಿ ಅಂಕದ ಪರದೆ ಸರಿಸಿಕೊಂಡು ಬಂದು, ಬೆಂಗಳೂರು ಕನ್ನಡದಲ್ಲಿ ಎದೆ ತಟ್ಟಿ, “ಲೋ, ಈ ದಾಕ್ಷಿ ಒಂದ್ಸಲ ಎಂಟ್ರಿ ಕೊಟ್ಟಳು ಅಂದ್ರೆ ಇಂಟರ್ವಲ್ಲೇ ಹೆದರ್ಕೊಂಡು ಮುಂದಕ್ಕೆ ಹೋಗುತ್ತೆ ಕಣೋ!” ಅಂದರೆ ಶಿಳ್ಳೆಗೆ ತಗಡು ನಡುಗುತ್ತಿತ್ತು. ಪರದೆಯ ಹಿಂದೆಯೂ ಅವಳ ಆಟ ನಿಲ್ಲುತ್ತಿರಲಿಲ್ಲ. ಹೀರೋನ ಮೀಸೆಯ ಗೋಂದಿಗೆ ಬೆಲ್ಲದ ಪಾಕ ಬೆರೆಸಿಟ್ಟು, ಅವನು ಕಣ್ಣೀರಿನ ಸೀನಿನಲ್ಲಿ ಇರುವೆ ಕಡಿಸಿಕೊಂಡು ನಿಜವಾಗಿಯೇ ಅಳುವಂತೆ ಮಾಡಿದ್ದಳು. ಆವತ್ತು ಅವನಿಗೆ ಜನರಿಂದ ಮೂರು ಹಾರ ಬಿದ್ದಿದ್ದವು.

ಮೈಲಾರಿ ಅದೇ ಕಂಪನಿಯ ಪ್ರಾಂಪ್ಟರು. ಪರದೆಯ ಸಂದಿಯಲ್ಲಿ ನಿಂತು, ಮಾತು ಮರೆತವರಿಗೆ ಮೊದಲ ಶಬ್ದ ಪಿಸುಗುಡುವವನು. ತನ್ನದೇ ಮಾತು ಆಡಬೇಕಾದಾಗ ಮಾತ್ರ ಅವನಿಗೆ ಶಬ್ದ ಸಿಗುತ್ತಿರಲಿಲ್ಲ. ಆದ್ದರಿಂದ ಆಸ್ಪತ್ರೆಗೆ ಮೂರನೆಯವರಾಗಿ ಕಂಪನಿಯ ಯಜಮಾನಿ ಬಸಲಿಂಗವ್ವ ಬಂದಿದ್ದಳು.

ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಒಂದು ದುಂಡನೆಯ ರೊಟ್ಟಿ ಬರೆದರು.

“ಇದು ಮಾಸು. ಹೊಟ್ಟ್ಯಾಗಿನ ಕೂಸಿಗೆ ಊಟ ಬರೋದು ಇದರಿಂದ. ನಿನ್ನ ಎರಡೂ ಕೂಸು ಒಂದ ತತ್ತಿ ಒಡದು ಆದಾವು, ಅದಕ್ಕ ಇಬ್ಬರಿಗೂ ಕೂಡಿ ಇದೊಂದ ರೊಟ್ಟಿ. ಅದು ತಪ್ಪಲ್ಲ, ಭಾಳ ಮಂದೀಗೆ ಹಂಗ ಇರ್ತತಿ. ಆದ್ರ ನಿನ್ನ ಮಾಸಿನಾಗ ಇಬ್ಬರ ರಕ್ತನಾಳ ಒಳಗಿಂದೊಳಗ ಕೂಡ್ಯಾವ. ಒಂದು ಕೂಸಿನ ರಕ್ತ ಇನ್ನೊಂದಕ್ಕ ಹರದು ಹೊಂಟೈತಿ. ಒಂದು ಕೊಡೋ ಕೂಸು, ಇನ್ನೊಂದು ತಗೊಳ್ಳೋ ಕೂಸು.”

“ಹಂಗಾರ ತಗೊಳ್ಳೋದು ಕಳ್ಳ ಕೂಸು ಅನ್ರಿ” ಎಂದಳು ಬಸಲಿಂಗವ್ವ.

“ಅಲ್ಲವಾ ಯಜಮಾನಿ, ಹಂಗನಬ್ಯಾಡ. ಒಲ್ಲೆ ಅಂದ್ರೂ ಬಾಯಾಗ ಕೊಡಗಟ್ಲೆ ನೀರು ಸುರುವಿದಂಗ ಆಗೈತಿ ಅದಕ್ಕ. ಅಷ್ಟೂ ರಕ್ತ ತಳ್ಳಿ ತಳ್ಳಿ ಅದರ ಎದಿ ಬಾತೈತಿ. ಕೊಡೋ ಕೂಸು ನೀರಿಲ್ಲದ ಚೀಲದಾಗ ಗ್ವಾಡಿಗೆ ಅಂಟಿ ಕುಂತೈತಿ. ಕಳ್ಳರು ಯಾರೂ ಇಲ್ಲ, ಇಬ್ಬರೂ ಸಿಕ್ಕೊಂಡಾರ.”

ದಾಕ್ಷಿಯ ನಗು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. “ಏನ ಮಾಡ್ಬೇಕ್ರಿ ಈಗ?”

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಸುಮ್ಮನೆ ಕಾಯುವುದು ಒಂದು ದಾರಿ, ಆದರೆ ರೋಗ ಇಷ್ಟು ಮುಂದುವರಿದ ಮೇಲೆ ಕಾದವರಿಗೆ ಹೆಚ್ಚಾಗಿ ಎರಡೂ ಉಳಿದಿಲ್ಲ. ತಗೊಳ್ಳೋ ಕೂಸಿನ ಚೀಲದಲ್ಲಿ ತುಂಬಿದ ನೀರನ್ನು ಸೂಜಿ ಹಾಕಿ ತೆಗೆಯಬಹುದು. ಹೊಟ್ಟೆ ಹಗುರಾಗುತ್ತದೆ, ನೀರು ಮತ್ತೆ ತುಂಬುತ್ತದೆ. ಇಲ್ಲವೇ ದಾರದಷ್ಟು ಸಣ್ಣ ದುರ್ಬೀನು ಒಳಗೆ ಬಿಟ್ಟು, ಕೂಡಿಕೊಂಡ ನಾಳಗಳನ್ನು ಹುಡುಕಿ ಲೇಸರಿನಿಂದ ಒಂದೊಂದಾಗಿ ಸುಟ್ಟು ಮುಚ್ಚಬಹುದು. ಒಂದೇ ರೊಟ್ಟಿ ಆಗ ಎರಡು ತುಂಡಾದಂತೆ. ಹತ್ತು ಮಂದಿಯಲ್ಲಿ ಆರೇಳು ಮಂದಿ ಹಾಗೆ ಎರಡೂ ಕೂಸು ಎತ್ತಿಕೊಂಡು ಮನೆಗೆ ಹೋಗಿದ್ದಾರೆ. ಕೆಲವರು ಎರಡನ್ನೂ ಕಳೆದುಕೊಂಡಿದ್ದಾರೆ.

“ಇನ್ನೊಂದು ದಾರಿ ಐತಿ.” ಡಾಕ್ಟರ ದನಿ ಇಳಿಯಿತು. “ಒಂದು ಕೂಸಿನ ಹೊಕ್ಕಳಬಳ್ಳಿ ಮುಚ್ಚಿಬಿಡೋದು. ಅದು ಹೋಗ್ತತಿ. ಇನ್ನೊಂದು ಹೆಚ್ಚೂಕಡಿಮಿ ಖಾತ್ರಿ ಉಳೀತತಿ.”

ಮೈಲಾರಿ ಮತ್ತೆ ಅವಳ ಕಾಲು ಮುಟ್ಟಿದ. ಈ ಸಲ ತುಳಿಯಲಿಲ್ಲ.

“ಯಾವುದು ನಿನಗ ಅನ್ನೋದನ್ನ ಊಹೆ ಮ್ಯಾಲೆ ಬಿಡೋ ಕಾಲ ಹೋತು” ಎಂದರು ಡಾಕ್ಟರು. “ನಿನ್ನ ಮಾಸಿಂದ ಒಂದು ಚಿಟಿಕಿ ತಗೊಂಡು, ಸ್ಕ್ಯಾನಿನಾಗ ಕಂಡ ನಕಾಶೆ ಹಿಡದು, ಅದರಂಥಾ ಮೂರು ಮಾಸು ನಮ್ಮ ಲ್ಯಾಬಿನಾಗ ಬೆಳಸ್ತೀವಿ. ಒಂದೊಂದರ ಮ್ಯಾಲೆ ಒಂದೊಂದು ಇಲಾಜು ಮಾಡಿ ನೋಡ್ತೀವಿ. ಅದಕ್ಕ ನಾವು ತಾಲೀಮು ಅಂತೀವಿ.”

*

ಮಾಸು ಬೆಳೆಯಲು ನಾಲ್ಕು ದಿನ ಬೇಕಿತ್ತು. ಅಷ್ಟು ದಿನ ಮಲಗಿಯೇ ಇರಬೇಕೆಂದು ಹೇಳಿ ಕಳಿಸಿದ್ದರು. ಥೇಟರಿನ ಹಿಂದಿನ ತಗಡಿನ ಕೋಣೆಯಲ್ಲಿ ದಾಕ್ಷಿ ಎಡಮಗ್ಗುಲಾಗಿ ಮಲಗಿದಳು. ಕಂಪನಿಯವರು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು.

ಖಳನಾಯಕನ ಪಾತ್ರದವನು ಕಣ್ಣೊರೆಸಿಕೊಳ್ಳುತ್ತ, “ಒಂದರ ಉಳೀಲಿ ತಂಗಿ, ಹಟ ಹಿಡೀಬ್ಯಾಡ” ಅಂದ. ಬೆಲ್ಲದ ಮೀಸೆಯ ಹೀರೋ ಬಂದು, “ನೀ ನನಗ ಇರುವಿ ಕಡಿಸಿದ್ದು ಮಾಫ್ ಮಾಡೇನಿ. ಎರಡೂ ಉಳೀತಾವ, ಹೆದರಬ್ಯಾಡ” ಅಂದ.

ಅವಳು ಎದ್ದು ಕೂರದೆಯೇ ದನಿ ಏರಿಸಿದಳು. “ನೋಡಪ್ಪಾ ಹೀರೋ, ಕ್ಲೈಮ್ಯಾಕ್ಸ್ ಬರೆಯೋನು ನೀನಲ್ಲ, ನಾನೂ ಅಲ್ಲ. ಆದ್ರೆ ಸ್ಕ್ರಿಪ್ಟ್‌ನಲ್ಲಿ ಸಾವು ಅಂತ ಬರೆದಿದ್ರೆ, ಆ ಪುಟಾನೇ ಹರಿಯೋ ಆರ್ಟಿಸ್ಟ್ ಈ ದಾಕ್ಷಿ!”

ಕೋಣೆ ನಕ್ಕಿತು. ಎಲ್ಲರೂ ಹೋದ ಮೇಲೆ ಅವಳು ಗಂಡನ ಕಡೆ ತಿರುಗಿದಳು. “ನೀವು ಏನೂ ಅನವಲ್ರಿ.”

ಮೈಲಾರಿ ಬಹಳ ಹೊತ್ತು ನೆಲ ನೋಡಿದ. “ನನಗ ನೀ ಬೇಕು” ಅಂದ. ಇನ್ನಷ್ಟು ಹೊತ್ತು ಬಿಟ್ಟು, “ಅವೂ ಬೇಕು” ಅಂದ.

ಬಸಲಿಂಗವ್ವ ದೇವರಿಟ್ಟ ನಾಗವಂದಿಗೆಯ ಹಲಗೆಯಿಂದ ಕುಂಕುಮ ತಂದು ಅವಳ ಹಣೆಗಿಟ್ಟಳು. “ದಾಕ್ಷೀ, ಒಂದು ಮಾತು. ತಾಲೀಮು ಅಂತ ಹೆಸರಿಟ್ಟಾರಲ್ಲ, ಹಂಗಾರ ತಾಲೀಮಿನ ನೇಮ ಬಿಡಬಾರದು.”

ನೇಮ ದಾಕ್ಷಿಗೆ ಗೊತ್ತಿತ್ತು. ಆ ಕಂಪನಿಯಲ್ಲಿ ತಾಲೀಮಿನ ದಿನ ನಾಟಕವನ್ನು ಕೊನೆಯ ಸೀನಿನವರೆಗೆ ಆಡುತ್ತಾರೆ, ಆದರೆ ಕೊನೆಯ ಮಂಗಳ ಮಾತ್ರ ಹಾಡುವುದಿಲ್ಲ. ಮಂಗಳ ಹಾಡಿದರೆ ಆಟ ಮುಗಿಯಿತೆಂದು ನೋಡಲು ಬಂದ ದೇವರು ಎದ್ದು ಹೋಗುತ್ತಾನೆ. ಆಮೇಲೆ ಸಂಜೆ ಖಾಲಿ ಕುರ್ಚಿಗೆ ಆಡಬೇಕಾಗುತ್ತದೆ. ಒಮ್ಮೆ ದಾಕ್ಷಿ ಚೇಷ್ಟೆಗೆಂದು ತಾಲೀಮಿನಲ್ಲೇ ಮಂಗಳ ಹಾಡಿ ಆರತಿಯನ್ನೂ ಎತ್ತಿದ್ದಳು. ಬಸಲಿಂಗವ್ವ ಒಂದು ವಾರ ಅವಳೊಡನೆ ಮಾತು ಬಿಟ್ಟಿದ್ದಳು.

“ಯವ್ವಾ, ಅಲ್ಲಿ ಇರೋದು ಗಾಜಿನ ತಾಟು. ದೇವ್ರು ಕುರ್ಚಿ ಹಾಕ್ಕೊಂಡು ಕುಂದ್ರಾಕ ಜಾಗಾನೂ ಇರಂಗಿಲ್ಲ” ಎಂದು ನಕ್ಕಳು ದಾಕ್ಷಿ.

*

ಲ್ಯಾಬಿನಲ್ಲಿ ತಾಟು ನೋಡಿಕೊಳ್ಳುವವಳು ಶಾರದಾ ಲಮಾಣಿ. ದಾಕ್ಷಿಯ ವಯಸ್ಸಿನವಳೇ. ಮೂರು ಗಾಜಿನ ತಾಟುಗಳಲ್ಲಿ ಅಂಗೈ ಅಗಲದ ಮೂರು ಕೆಂಪು ಹಾಳೆಗಳು, ಒಳಗೆ ಎಲೆಯ ನರದಂಥ ಗೆರೆಗಳು. ಕೂಸು ಯಾವುದರಲ್ಲೂ ಇರಲಿಲ್ಲ. ಅವುಗಳ ಎದೆಬಡಿತಕ್ಕೆ ಬದಲಾಗಿ ಪ್ರತಿ ತಾಟಿಗೂ ಎರಡು ಪುಟ್ಟ ಪಂಪು, ಪ್ರತಿ ಪಂಪಿಗೂ ಒಂದು ಹಸಿರು ದೀಪ.

“ಅಕ್ಕಾ, ಇಲ್ಲಿ ಐದು ನಿಮಿಷ ಅಂದ್ರ ನಿಮ್ಮ ಹೊಟ್ಟ್ಯಾಗ ಒಂದು ದಿನ” ಎಂದು ಶಾರದಾ ವಿವರಿಸಿದಳು. “ಸಂಜಿ ನಾಲ್ಕಕ್ಕ ಹನ್ನೆರಡು ವಾರ ಮುಗೀತಾವು. ಪಂಪು ದಣದ್ರ ದೀಪ ಮಬ್ಬಾಗ್ತತಿ. ನಿಂತ್ರ ಆರ್ತತಿ.”

“ಆಮ್ಯಾಲೆ ಹಾಳಿ?”

“ಇಷ್ಟು ಜೋರು ಓಡಿಸಿದ ಮ್ಯಾಲೆ ಉಳಿಯಂಗಿಲ್ಲಕ್ಕಾ. ಕರಗಿ ನೀರಾಗ್ತತಿ. ನಮಗ ಫಲಿತಾಂಶ ಒಂದ ಉಳಿಯೋದು.”

ಬೆಳಿಗ್ಗೆ ಒಂಬತ್ತಕ್ಕೆ, ಗಂಡ ಹೆಂಡತಿಯ ಎದುರಿಗೇ, ಮೂರೂ ಶುರುವಾದವು. ಮೊದಲನೆಯದು ನೀರು ತೆಗೆಯುವ ತಾಟು. ಎರಡನೆಯದರಲ್ಲಿ ಡಾಕ್ಟರು ತಾವೇ ಒಂದು ಪಂಪಿನ ಕೊಳವೆಗೆ ಚಿಮಟ ಹಾಕಿದರು. ಒಂದು ದೀಪ ಆರಿತು. ದಾಕ್ಷಿ ಮುಖ ತಿರುಗಿಸಿಕೊಂಡಳು. ಮೂರನೆಯದು ಲೇಸರಿನದು.

ಮೊದಲ ಒಂದು ತಾಸು ಅವಳು ಶಾರದಾಳಿಗೆ ಖಳನಾಯಕನ ನಡಿಗೆ ಮಾಡಿ ತೋರಿಸುವುದರಲ್ಲಿ ಕಳೆದಳು. ಕುರ್ಚಿಯಲ್ಲಿ ಕೂತೇ ಮಾಡಿದಳು, ಬರೀ ಹೆಗಲಿನಲ್ಲಿ. ಹತ್ತೂವರೆಗೆ ಮೊದಲ ತಾಟಿನ ಒಂದು ದೀಪ ಮಬ್ಬಾಯಿತು. ಹನ್ನೊಂದಕ್ಕೆ ಆರಿತು. ಹತ್ತು ನಿಮಿಷದಲ್ಲಿ ಎರಡನೆಯದೂ ಆರಿತು. ಕೆಂಪು ಹಾಳೆ ಅವರ ಕಣ್ಣೆದುರೇ ಅಂಚಿನಿಂದ ಸಡಿಲಾಗಿ, ಬಣ್ಣಗೆಟ್ಟು, ನೀರಾಯಿತು.

ಮೂರನೆಯ ತಾಟಿನಲ್ಲಿ ಎರಡೂ ದೀಪ ಉರಿಯುತ್ತಿದ್ದವು. ಮೇಲಿನ ಗಡಿಯಾರ ‘ಮೂವತ್ನಾಲ್ಕನೇ ದಿನ’ ಎಂದು ತೋರಿಸಿತು. ಮೂವತ್ತೈದು.

“ನಿಲ್ಲಸ್ರಿ” ಅಂದಳು ದಾಕ್ಷಿ.

“ಏನಕ್ಕಾ?”

“ಮೂರನೇದು ನಿಲ್ಲಸ್ರಿ. ಕೊನೀತನಕ ಹೋಗೋದು ಬ್ಯಾಡ. ನಮ್ಮ ತಾಲೀಮಿನಾಗ ಮಂಗಳ ಹಾಡಂಗಿಲ್ಲ.”

ಡಾಕ್ಟರು ಬಂದರು. ಸಿಟ್ಟು ಅವರ ಮುಖದಲ್ಲೇ ಇತ್ತು. “ಅರ್ಧಾ ಪಿಕ್ಚರ್ ನೋಡಿ ಎದ್ದು ಹೋಗೋದಕ್ಕ ನಿನಗ ಇಲ್ಲಿ ಕೂರಿಸೇನೇನು? ಇದರ ಕೊನಿ ಗೊತ್ತಾಗ್ಲಿಲ್ಲಂದ್ರ ನಾ ನಿನಗ ಏನಂತ ಹೇಳ್ಲಿ?”

ದಾಕ್ಷಿಗೆ ನೇಮದ ಮೇಲೆ ನಂಬಿಕೆಯಿತ್ತೆಂದಲ್ಲ. ಆರಿದ ದೀಪವನ್ನು ಇನ್ನೊಮ್ಮೆ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ. ಅದನ್ನು ಹೇಳಲು ನಾಚಿಕೆಯಾಗಿ ಬಸಲಿಂಗವ್ವನ ದೇವರನ್ನು ಮುಂದೆ ಮಾಡಿದ್ದಳು. “ಡಾಕ್ಟ್ರ, ನನ್ನ ಕೈಲೆ ನೋಡಾಕ ಆಗಂಗಿಲ್ರಿ” ಎಂದಳು ಕೊನೆಗೆ. ಅದರಲ್ಲಿ ಸಿನಿಮಾ ಇರಲಿಲ್ಲ.

ಡಾಕ್ಟರು ಒಂದು ಕಾಗದ ತರಿಸಿ, ‘ತಾಲೀಮನ್ನು ನಾನೇ ನಿಲ್ಲಿಸಿದ್ದೇನೆ’ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಶಾರದಾ ತಾಟಿನ ಓಟ ಇಳಿಸಿದಳು. ಇನ್ನು ಅಲ್ಲಿನ ಒಂದು ದಿನಕ್ಕೂ ಹೊರಗಿನ ಒಂದು ದಿನಕ್ಕೂ ವ್ಯತ್ಯಾಸ ಉಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಎರಡನೆಯ ತಾಟು ಕೊನೆ ಮುಟ್ಟಿತು. ಉಳಿದ ಒಂದು ದೀಪ ಕೊನೆಯವರೆಗೂ ಕದಲದೆ ಉರಿದಿತ್ತು.

“ಇದು ಖಾತ್ರಿ” ಎಂದರು ಡಾಕ್ಟರು, ಅದರ ಕಡೆ ಕೈ ತೋರಿಸಿ. “ಮೂರನೇದು ಗೊತ್ತಿಲ್ಲ. ನಾ ನಿಮ್ಮಿಬ್ಬರ ಬದ್ಲು ಆರಿಸಂಗಿಲ್ಲ. ಆರಿಸೋರು ನೀವು. ಯಾವುದು ಅಂದ್ರೂ ತಪ್ಪಲ್ಲ. ನಾ ಅದನ್ನ ಮನಸಿಟ್ಟು ಮಾಡ್ತೀನಿ.”

ದಾಕ್ಷಿ ಗಂಡನ ಮುಖ ನೋಡಿದಳು. ಮೈಲಾರಿ, ಪರದೆಯ ಸಂದಿಯಿಂದ ಪಿಸುಗುಡುವಂತೆ, ಮೊದಲ ಶಬ್ದ ಎತ್ತಿಕೊಟ್ಟ. “ಎರಡೂ...”

“ಎರಡೂ ಬೇಕ್ರಿ” ಎಂದು ಅವಳು ಮುಗಿಸಿದಳು. “ಲೇಸರ್ ಮಾಡ್ರಿ.”

*

ಮೂರು ದಿನದ ಮೇಲೆ ಆಪರೇಷನ್ನು. ಅವಳಿಗೆ ಎಚ್ಚರವಿತ್ತು, ಹೊಟ್ಟೆ ಮಾತ್ರ ಮರಗಟ್ಟಿತ್ತು. ತಲೆಯ ಹತ್ತಿರ ಹಸಿರು ಟೊಪ್ಪಿಗೆ ಹಾಕಿಕೊಂಡು ಕೂತಿದ್ದ ಮೈಲಾರಿಯನ್ನು ನೋಡಿದಾಗಲೆಲ್ಲ ಅವಳಿಗೆ ನಗು ಉಕ್ಕುತ್ತಿತ್ತು.

“ನಗಬ್ಯಾಡವಾ, ಹೊಟ್ಟಿ ಅಲ್ಲಾಡ್ತತಿ” ಎಂದರು ಡಾಕ್ಟರು.

“ನಾ ಏನ ಮಾಡ್ಲಿರಿ, ಇವರ ತೆಲಿ ಮ್ಯಾಲೆ ಕ್ಯಾಬೀಜ್ ಇಟ್ಟಂಗ ಕಾಣ್ತತಿ.”

ಪರದೆಯ ಮೇಲೆ ಒಳಗಿನದು ಕಾಣುತ್ತಿತ್ತು: ಕೆಂಪು ನೆಲ, ಅದರ ಮೇಲೆ ನೀಲಿ ಕೆಂಪು ಬೇರುಗಳು. ಒಂದು ಮೂಲೆಯಲ್ಲಿ ಐದು ಬೆರಳು ಬಂದು, ಬೆಳಕಿಗೆ ಬೆಚ್ಚಿದಂತೆ ಮಡಚಿಕೊಂಡು ಹೋದವು. ದಾಕ್ಷಿ ಆಮೇಲೆ ನಗಲಿಲ್ಲ. ಉಸಿರಾಡಲೂ ಹೆದರಿದಳು. ಮೈಲಾರಿ ಕಿವಿಯ ಹತ್ತಿರ ಬಾಗಿ, “ಉಸರು...” ಎಂದು ಎತ್ತಿಕೊಟ್ಟ.

ಡಾಕ್ಟರು ಒಂದೊಂದೇ ನಾಳ ಸುಟ್ಟು ಮುಚ್ಚಿದರು. ಒಂಬತ್ತು ಮುಗಿದವು. “ಆತು. ಇನ್ನ ಹೊರಗ ಬರೋಣು” ಎಂದು ದುರ್ಬೀನು ಎಳೆಯಲು ಕೈ ಇಟ್ಟಾಗ ಬಾಗಿಲು ತೆರೆದುಕೊಂಡಿತು. ಶಾರದಾ ಹೊಸ್ತಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದಳು.

“ಮೇಡಂ, ತೆಗೀಬ್ಯಾಡ್ರಿ! ಮೂರನೇ ತಾಟಿನಾಗ ಮುಂಜಾನಿಂದ ಒಂದು ದೀಪ ಮಬ್ಬಾಗೈತಿ. ಭೂತಗನ್ನಡಿ ಹಿಡದು ನೋಡಿದೆ. ಅಂಚಿನಾಗ, ಗಡಿಯಾರದ ಹನ್ನೊಂದರ ಕಡೆ, ಕೂದಲೆಳಿಯಂಥಾ ಒಂದು ನಾಳ ತೆರಕೊಂಡೈತ್ರಿ.”

ಡಾಕ್ಟರು ದುರ್ಬೀನನ್ನು ಆ ಕಡೆ ತಿರುಗಿಸಿದರು. ಏನೂ ಇರಲಿಲ್ಲ, ಬರೀ ಬೋಳು ಕೆಂಪು. ಇನ್ನೊಮ್ಮೆ ನೋಡಿದರು. ಇರಲಿಲ್ಲ.

“ಐತ್ರಿ ಮೇಡಂ, ನಾ ಕಣ್ಣಾರೆ ನೋಡೇನಿ” ಶಾರದಾಳ ದನಿ ಒಡೆಯಿತು. “ತಾಟಿನಾಗ ಮ್ಯಾಲಿನ ನೀರಿನ ಭಾರ ಇಲ್ಲಲ್ರಿ, ಅದಕ್ಕ ಕಂಡಿರಬೇಕು.”

ಆಪರೇಷನ್ನಿನ ಕೊನೆಗೆ ತೆಗೆಯಬೇಕಾಗಿದ್ದ ನೀರನ್ನು ಡಾಕ್ಟರು ಈಗಲೇ ತೆಗೆಯಲು ಹೇಳಿದರು. ಒಂದು ಲೋಟ ಹೋಯಿತು. ಎರಡು ಲೋಟ. ಹೊಟ್ಟೆಯ ಬಿಗುವು ಇಳಿಯಿತು. ಪರದೆಯ ಬೋಳು ಕೆಂಪಿನ ಮೇಲೆ, ಯಾರೋ ಸೂಜಿಯಿಂದ ಗೀಚಿದಂತೆ, ಒಂದು ಎಳೆ ಮೆಲ್ಲಗೆ ರಕ್ತ ತುಂಬಿಕೊಂಡು ಕಾಣಿಸಿತು. ನೀರಿನ ಒತ್ತಡಕ್ಕೆ ಚಪ್ಪಟೆಯಾಗಿ ಅಡಗಿ ಕೂತಿತ್ತು ಅದು.

“ಯಾ ಅಲ್ಲಾ” ಎಂದರು ಡಾಕ್ಟರು ತಮಗೇ ಎಂಬಂತೆ. ಲೇಸರಿನ ಬೆಳಕು ಮೂರು ಸಲ ಮಿಂಚಿತು. ಎಳೆ ಬೆಳ್ಳಗಾಯಿತು.

ಸಂಜೆ ವಾರ್ಡಿಗೆ ಬಂದು ಅವರು ಮಂಚದ ತುದಿಗೆ ಕೂತರು. “ದಾಕ್ಷಾಯಣಿ, ನಿನ್ನ ಮುಂದ ಒಂದು ಒಪ್ಕೋಬೇಕು. ಆವತ್ತ ತಾಟು ಕೊನೀತನಕ ಓಡಿದ್ರ, ಆ ಎಳಿ ತೆರಕೊಂಡು ಎರಡೂ ದೀಪ ಆರತಿದ್ದವು. ಹಾಳಿ ಕರಗಿ ಹೋಗತಿತ್ತು, ಎಲ್ಲಿ ತಪ್ಪಿತು ಅಂತ ಹುಡುಕಾಕ ಏನೂ ಉಳೀತಿರಲಿಲ್ಲ. ನಾ ಫಲಿತಾಂಶ ನೋಡಿ, ಲೇಸರ್ ಬ್ಯಾಡ, ಒಂದನ್ನ ಬಿಟ್ಟುಕೊಡು ಅಂತಿದ್ದೆ. ನೀ ಒಪ್ಪತಿದ್ದಿ.”

“ಒಪ್ಪತಿದ್ನಿರಿ” ಎಂದಳು ದಾಕ್ಷಿ.

“ಇಷ್ಟು ವರ್ಷ ಯಾರೂ ನಿಲ್ಲಸ್ರಿ ಅಂದಿದ್ದಿಲ್ಲ. ಎಲ್ಲಾರಿಗೂ ಕೊನಿ ನೋಡಬೇಕಾಗಿರ್ತತಿ. ನನಗೂ.” ಅವರು ಅವಳ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಥ್ಯಾಂಕ್ಸ್ ಯವ್ವಾ.”

ದಾಕ್ಷಿ ಗಲಿಬಿಲಿಗೊಂಡಳು. ಅದು ತಾನು ಹೇಳಬೇಕಾದ ಮಾತಾಗಿತ್ತು. “ಡಾಕ್ಟ್ರ, ನನ್ನ ಡೈಲಾಗ್ ನೀವ ಹೇಳಿದ್ರ ನಾ ಏನ ಹೇಳ್ಲಿರಿ?”

*

ಮುಂದಿನ ಹದಿಮೂರು ವಾರ ಅವಳು ಆಸ್ಪತ್ರೆಯ ಎದುರಿನ ಓಣಿಯಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಕಳೆದಳು. ಕಂಪನಿಯವರು ಸರದಿಯ ಮೇಲೆ ಬುತ್ತಿ ತಂದರು. ಹೀರೋ ತಂದ ಬುತ್ತಿಯಲ್ಲಿ ಒಮ್ಮೆ ಚಪಾತಿಗಳ ನಡುವೆ ಅದೇ ಹಳೇ ಮೀಸೆ ಇತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ನಗಬಹುದಿತ್ತು. ಪ್ರತಿ ಸ್ಕ್ಯಾನಿನಲ್ಲಿ ಕೊಡೋ ಕೂಸಿನ ಚೀಲದಲ್ಲಿ ನೀರು ಏರುತ್ತಿತ್ತು, ತಗೊಳ್ಳೋ ಕೂಸಿನ ಎದೆಯ ಬಾವು ಇಳಿಯುತ್ತಿತ್ತು. ಒಂದು ದಿನ ಡಾಕ್ಟರು ಚೀಟಿಯಲ್ಲಿ ಆ ಎರಡು ಹೆಸರು ಹೊಡೆದುಹಾಕಿ ‘ಒಂದನೇ ಕೂಸು, ಎರಡನೇ ಕೂಸು’ ಎಂದು ಬರೆದರು. ಬಸಲಿಂಗವ್ವ ಆ ಚೀಟಿಯನ್ನು ಕೇಳಿ ಇಸಿದುಕೊಂಡು ಕುಬುಸದಲ್ಲಿಟ್ಟುಕೊಂಡಳು.

ಮೂವತ್ತಮೂರನೇ ವಾರ, ಒಂದು ಬುಧವಾರ ಮಧ್ಯಾಹ್ನ, ಎರಡು ಹೆಣ್ಣು ಕೂಸು ಹುಟ್ಟಿದವು. ಒಂದು ಹದಿನಾರು ನೂರು ಗ್ರಾಂ, ಇನ್ನೊಂದು ಹತ್ತೊಂಬತ್ತು ನೂರು. ಸಣ್ಣದರ ದನಿಯೇ ದೊಡ್ಡದಾಗಿತ್ತು.

ಐದನೇ ದಿನ ದಾಕ್ಷಿ ಗೋಡೆ ಹಿಡಿದುಕೊಂಡು ಲ್ಯಾಬಿಗೆ ಹೋದಳು. ಮೂರನೆಯ ತಾಟು ಇನ್ನೂ ಅಲ್ಲೇ ಇತ್ತು. ಆ ಎಳೆಯನ್ನು ಶಾರದಾ ಅಲ್ಲಿಯೂ ಮುಚ್ಚಿದ್ದಳು. ಎರಡೂ ದೀಪ ಉರಿಯುತ್ತಿದ್ದವು, ಹಾಳೆಯ ಅಂಚು ಮಾತ್ರ ವಯಸ್ಸಾಗಿ ಕಪ್ಪಿಟ್ಟಿತ್ತು.

“ಇದರ ಲೆಕ್ಕದಾಗ ಹೆರಿಗಿ ಯಾವಾಗೋ ಆಗಬೇಕಿತ್ತಕ್ಕಾ” ಎಂದಳು ಶಾರದಾ. “ಬಂದ್ ಮಾಡಾಕ ನನಗ ಕೈ ಬರವಲ್ತು. ದಿನಾ ಬಂದು ಮೊದ್ಲ ಇದನ್ನ ನೋಡತಿದ್ದೆ, ಆಮ್ಯಾಲೆ ಚಾ ಕುಡೀತಿದ್ದೆ.”

“ನಾ ಬಂದ್ ಮಾಡ್ಲೇನು?”

ಶಾರದಾ ತಲೆಯಾಡಿಸಿದಳು. ದಾಕ್ಷಿ ಒಂದು ಗುಂಡಿ ಒತ್ತಿದಳು, ಇನ್ನೊಂದನ್ನೂ ಒತ್ತಿದಳು. ಪಂಪಿನ ಸಣ್ಣ ಸದ್ದು ನಿಂತಿತು. ಹೆದರುವಂಥದ್ದು ಏನೂ ಆಗಲಿಲ್ಲ. ಹಾಳೆಯೂ ಕರಗಲಿಲ್ಲ, ಸಾವಕಾಶ ಬದುಕಿದ್ದಕ್ಕೋ ಏನೋ ಗಟ್ಟಿಯಾಗಿಯೇ ಉಳಿಯಿತು. ಇಂಥವನ್ನು ಹಳದಿ ಚೀಲದಲ್ಲಿ ಹಾಕಿ ಸುಡಲು ಕಳಿಸುವುದು ಅಲ್ಲಿನ ಪದ್ಧತಿ. ಶಾರದಾ ಚೀಲ ತೆಗೆದಳು.

“ಸುಡ್ತೀರಿ? ಮಾಸು ಸುಡ್ತಾರೇನು ಯಾರರ?” ದಾಕ್ಷಿ ತಾಟು ತನ್ನ ಕಡೆ ಎಳೆದುಕೊಂಡಳು. “ಹೂಳ್ತಾರ.”

“ಅಕ್ಕಾ, ನಿಮ್ಮ ಮಾಸು ನಿಮ್ಮ ಯಜಮಾನಿಗೆ ಕೊಟ್ಟಾರಲ್ಲ, ಅವರು ಹೂಳಿದ್ರಲ್ಲ.”

“ಅದು ಕೂಸುಗಳ ಮಾಸು. ಇದು ಯಾರದು? ಇದಕ್ಕ ಯಾರದಾರ?”

ಶಾರದಾ ಡಾಕ್ಟರಿಗೆ ಫೋನು ಮಾಡಿದಳು. ಅವರು “ಆ ಹಾಳಿ ಅವಳ ಮೈಯಿಂದ ಬೆಳದದ್ದು. ಕೊಡು ಅವಳಿಗೆ. ನಾನೂ ಕೆಳಗ ಬರ್ತೀನಿ” ಎಂದರು.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ, ಬೇವಿನ ಗಿಡದ ಬುಡದಲ್ಲಿ, ಮಾಲಿ ಒಂದು ಮೊಳ ಅಗೆದುಕೊಟ್ಟ. ಬಸಲಿಂಗವ್ವ ಅರಿಷಿಣ ಕುಂಕುಮ ಹಾಕಿದಳು. ಡಾಕ್ಟರು ಚಪ್ಪಲಿ ಬಿಟ್ಟು ನಿಂತರು. ದಾಕ್ಷಿ ಕೂರಲಾಗದೆ ಕೂತು, ಅಂಗೈ ಅಗಲದ ಆ ಹಾಳೆಯನ್ನು ಮಣ್ಣಿಗೆ ಇಳಿಸಿದಳು.

“ನಿನ್ನ ಹೊಟ್ಟ್ಯಾಗ ಕೂಸು ಇರ್ಲಿಲ್ಲ” ಎಂದಳು ಅದಕ್ಕೆ, ಮೆಲ್ಲಗೆ. “ಆದ್ರೂ ನೀ ಇಬ್ಬರನ್ನೂ ಹೊತ್ತಿ. ನಮಗಿಂತ ಮುಂದ ಹೋಗಿ, ತ್ರಾಸು ನೀ ತಗೊಂಡು, ದಾರಿ ನಮಗ ತೋರಿಸಿದಿ. ದೊಡ್ಡಾಕಿ ನೀ.”

ಶಾರದಾ ಮೊದಲ ಹಿಡಿ ಮಣ್ಣು ಹಾಕಿದಳು. ಅವಳ ಮೂಗು ಕೆಂಪಾಗಿತ್ತು.

ಅಷ್ಟರಲ್ಲಿ ಮೇಲಿನ ಕಿಟಕಿ ದಡಾರನೆ ತೆರೆಯಿತು. ಬದುಕಿನಲ್ಲಿ ಎಂದೂ ದನಿಯೆತ್ತಿ ಮಾತಾಡದಿದ್ದ ಮೈಲಾರಿ, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು, ಓಣಿಗೆಲ್ಲ ಕೇಳುವಂತೆ ಕೂಗಿದ.

“ಲಗೂ ಬಾರಲೇ! ಎರಡೂ ಕೂಡೇ ಅಳಾಕತ್ತಾವ! ನನಗ ಯಾವುದನ್ನ ಮೊದ್ಲ ಎತ್ಕೋಬೇಕು ತಿಳೀವಲ್ತು!”

“ಎರಡನ್ನೂ ಎತ್ಕೋರಿ, ಬಂದ್ನಿ!” ಎಂದು ದಾಕ್ಷಿ ಮಣ್ಣಿನ ಕೈಯಲ್ಲೇ ಎದ್ದು ನಡೆದಳು.

“ಏ, ಕೈ ತೊಳ್ಕೊಂಡು ಹೋಗ!” ಎಂದು ಹಿಂದಿನಿಂದ ಡಾಕ್ಟರು ಒದರಿದರು.